ಗ್ರೋಕ್

ಈಗ ಈ ಹೆಸರು ಕೇಳಿದರೆ ನೆನಪಾಗುವುದು 2023ರಲ್ಲಿ ಬಂದ ಎಐ ಚಾಟ್‌ಬಾಟ್. ಆದರೆ ಪದದ ತವರು ಮಂಗಳ ಗ್ರಹ, ಅಂದರೆ ರಾಬರ್ಟ್ ಹೈನ್‌ಲೈನ್ 1961ರ ತನ್ನ ಕಾದಂಬರಿ 'ಸ್ಟ್ರೇಂಜರ್ ಇನ್ ಎ ಸ್ಟ್ರೇಂಜ್ ಲ್ಯಾಂಡ್'ನಲ್ಲಿ ಕಟ್ಟಿದ ಮಂಗಳ. ಅಲ್ಲಿಯವರ ನುಡಿಯಲ್ಲಿ 'ಗ್ರೋಕ್' ಎಂದರೆ ಮೊದಲಿಗೆ 'ಕುಡಿ'. ನಮಗೆ ಯಾವುದೇ ಸಲೀಸು ಕೆಲಸ 'ನೀರು ಕುಡಿದ ಹಾಗೆ'. ನೀರಿಗೇ ಬರ ಇರುವ ಆ ಲೋಕದಲ್ಲಿ ಹಾಗಲ್ಲ. ಒಂದು ಲೋಟ ನೀರನ್ನು ಇಬ್ಬರು ಹಂಚಿ ಕುಡಿದರೆ ಅವರು ಜನ್ಮದ ಬಂಧುಗಳು. ಕುಡಿದ ನೀರು ಕುಡಿದವನೇ ಆಗಿಬಿಡುವಂತೆ, ಅರಿತದ್ದು ಅರಿತವನಲ್ಲಿ ಬೆರೆತುಹೋಗುವುದೇ ಗ್ರೋಕ್. ಸತ್ತ ಗೆಳೆಯನ ದೇಹವನ್ನು ಭಕ್ತಿಯಿಂದ ಉಣ್ಣುವುದೂ ಅವರಿಗೆ ಅವನನ್ನು ಗ್ರೋಕ್ ಮಾಡುವ ಬಗೆ.

ನನಗೆ ಹಿಡಿಸಿದ್ದು ಇದೇ. ಹೈನ್‌ಲೈನ್ ದೇವರ ಪಟ್ಟಿಯನ್ನಾಗಲಿ ಪುರಾಣವನ್ನಾಗಲಿ ಮೊದಲಿಗೆ ಕೊಡುವುದಿಲ್ಲ. ಬಾಯಾರಿಕೆಯಿಂದ ಆಚಾರವನ್ನೂ ಆಚಾರದಿಂದ ಧರ್ಮವನ್ನೂ ಹುಟ್ಟಿಸುತ್ತಾನೆ. ಮಂಗಳದವರ ನಡುವೆ ಬೆಳೆದ ನಾಯಕ ಭೂಮಿಗೆ ಬಂದು ಒಂದು ಚರ್ಚನ್ನೇ ಕಟ್ಟುತ್ತಾನೆ. ಮುಂದಿನದು ಇನ್ನೂ ವಿಚಿತ್ರ: 1962ರಲ್ಲಿ ಅಮೆರಿಕದ ಮಿಸ್ಸೂರಿಯಲ್ಲಿ ಕಾದಂಬರಿ ಓದಿದ ಇಬ್ಬರು ವಿದ್ಯಾರ್ಥಿಗಳು ನೀರು ಹಂಚಿಕೊಂಡರು. ಅದರಿಂದ ಬೆಳೆದ, ಕಾದಂಬರಿಯ ಚರ್ಚಿನದೇ ಹೆಸರಿನ 'ಚರ್ಚ್ ಆಫ್ ಆಲ್ ವರ್ಲ್ಡ್ಸ್' 1968ರಲ್ಲಿ ಕಾನೂನುಬದ್ಧವಾಗಿ ನೋಂದಣಿಯಾಯಿತು!

ಕಾದಂಬರಿಯಿಂದ ಹಿಪ್ಪಿಗಳ ಬಾಯಿಗೆ ಬಂದ ಪದ ಅಲ್ಲಿಂದ ಕಂಪ್ಯೂಟರ್ ಮಂದಿಗೂ ದಾಟಿತು. ಒಂದು ಪ್ರೋಗ್ರಾಮಿಂಗ್ ಭಾಷೆ ಪೂರ್ತಿ ಒಲಿದರೆ ಅದನ್ನು 'ಗ್ರೋಕ್ ಮಾಡಿದೆ' ಎನ್ನುತ್ತಾರೆ. ಕನ್ನಡಕ್ಕೆ ತರಲು ತಿಣುಕಬೇಕಿಲ್ಲ. ವ್ಯಾಕರಣವನ್ನು ಅರೆದು ಕುಡಿದ ಮೇಷ್ಟ್ರು ನಮ್ಮ ಊರೂರಲ್ಲೂ ಇದ್ದರಲ್ಲ!