ಮದ್ದಿನ ಮನೆಯ ಲೆಕ್ಕ

ನಮ್ಮ ಅತ್ತೆಯವರಿಗೆ ಪಾತ್ರೆಯ ಲೆಕ್ಕ ಎಂದರೆ ವ್ರತವಿದ್ದಂತೆ. ಹಬ್ಬ ಮುಗಿದ ಮಾರನೆಯ ದಿನ ಅಟ್ಟದಿಂದ ಇಳಿಸಿದ್ದ ಕೊಳಗ, ತಪ್ಪಲೆ, ಸೌಟುಗಳನ್ನೆಲ್ಲ ನಡುಮನೆಯಲ್ಲಿ ಹರಡಿಕೊಂಡು ಕೂರುವರು. ಕೈಯಲ್ಲೊಂದು ಚೀಟಿ. ಒಂದೊಂದನ್ನೇ ಕೂಗಿ ಎಣಿಸಿ, ಬಿಸಿಲಿಗಿಟ್ಟು ಒಣಗಿಸಿದ ಮೇಲೆಯೇ ಅವು ಮತ್ತೆ ಅಟ್ಟ ಸೇರುತ್ತಿದ್ದವು. ಪಕ್ಕದ ಮನೆಗೆ ಹೋದ ಡಬರಿ ವಾಪಸು ಬಂದರೆ ತಳದಲ್ಲಿ ಕೆತ್ತಿಸಿದ ಹೆಸರು ನೋಡಿಯೇ ಒಳಗಿಡಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇದು ಬರೀ ಜಿಪುಣತನ ಎನ್ನಿಸುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ಕೌಟಿಲ್ಯನ ಅರ್ಥಶಾಸ್ತ್ರದ ಅನುವಾದ ಓದುವಾಗ ನಗು ಬಂತು. ಈ ಗ್ರಂಥದ ತಾಳೆಗರಿ ಪ್ರತಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಓರಿಯೆಂಟಲ್ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಆಯುಧಾಗಾರದ ಅಧ್ಯಕ್ಷನಿಗೆಂದೇ ಒಂದು ಅಧ್ಯಾಯವಿದೆ. ಆಯುಧಗಳನ್ನು ಆಗಾಗ ಜಾಗ ಬದಲಿಸಿ ಇಡಬೇಕು, ಬಿಸಿಲು ಗಾಳಿ ತೋರಿಸಬೇಕು, ತೇವಕ್ಕೆ, ಹುಳುಹುಪ್ಪಟೆಗೆ ಕೆಡುವಂಥವನ್ನು ಬೇರೆ ಇಡಬೇಕು. ಜಾತಿ, ರೂಪ, ಅಳತೆ, ಬೆಲೆ, ಎಣಿಕೆ ಎಲ್ಲವೂ ಅವನಿಗೆ ಗೊತ್ತಿರಬೇಕು. ಇನ್ನೊಂದು ಕಡೆ, ರಾಜಮುದ್ರೆ ಬೀಳದೆ ಆಯುಧ ಒಳಗೆ ಹೋಗಕೂಡದು ಎಂದಿದೆ. ಕಳೆದುಹೋದರೆ ಅಧ್ಯಕ್ಷ ಎರಡರಷ್ಟು ಬೆಲೆ ತೆರಬೇಕು. ಹಾಳಾದದ್ದಕ್ಕೂ ಲೆಕ್ಕವಿರಬೇಕು. ನಮ್ಮ ಅತ್ತೆ ಅರ್ಥಶಾಸ್ತ್ರ ಓದಿದವರಲ್ಲ. ಆದರೆ ಅಧ್ಯಕ್ಷ ಪದವಿಗೆ ಅವರಿಗಿಂತ ಯೋಗ್ಯರು ಯಾರು, ನೀವೇ ಹೇಳಿ!

ಈ ಮಾತು ಮತ್ತೆ ನೆನಪಾದದ್ದು ಶ್ರೀರಂಗಪಟ್ಟಣದಲ್ಲಿ. ರಂಗನಾಥನ ದರ್ಶನ ಮುಗಿಸಿ ರೈಲು ನಿಲ್ದಾಣದ ಕಡೆ ಹೋದಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದನ್ನು ಕಂಡೆ. ಇಟ್ಟಿಗೆ, ಗಾರೆಯ ದಪ್ಪ ಗೋಡೆಯ ಮಂಕು ಕಟ್ಟಡ. ಜೋಡಿ ರೈಲುಹಳಿ ಹಾಕಲು ಇದು ಅಡ್ಡವಾಯಿತೆಂದು 2017ರಲ್ಲಿ ಇಡೀ ಕಟ್ಟಡವನ್ನೇ, ಒಡೆಯದೆ, ಬುಡಸಮೇತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು. ಒಳಗಿದ್ದ ಮದ್ದು ಹೋಗಿ ಇನ್ನೂರು ವರ್ಷ ಕಳೆದಿದೆ. ಖಾಲಿ ಮನೆಯನ್ನು ಇಷ್ಟು ಜೋಪಾನವಾಗಿ ಕಾಪಾಡಿದ್ದೇವಲ್ಲ, ತುಂಬಿದ್ದಾಗ ಇದರ ಕಥೆ ಏನಾಯಿತು ಎಂದು ಮನಸ್ಸು ಹಿಂದಕ್ಕೆ ಓಡಿತು.

ಮದ್ದು ಎಂಬುದು ಇಟ್ಟವನಿಗೂ ಶತ್ರುವೇ. 1799ರ ಮುತ್ತಿಗೆಯಲ್ಲಿ, ಮೇ 2ರಂದು, ಇಂಗ್ಲಿಷರ ಕಡೆಯ ಒಂದು ಗುಂಡು ಕೋಟೆಯೊಳಗಿನ ರಾಕೆಟ್ ಉಗ್ರಾಣಕ್ಕೆ ಬಿದ್ದು ಭಾರಿ ಸ್ಫೋಟವಾಯಿತು. ವರ್ಷಗಟ್ಟಲೆ ಕೂಡಿಟ್ಟದ್ದು ಕ್ಷಣದಲ್ಲಿ ಹೊಗೆಯಾಗಿ ಹೋಯಿತು. ಎರಡು ದಿನ ಕಳೆದು, ಮೇ 4ರ ಮಧ್ಯಾಹ್ನ ಕೋಟೆ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ.

ಆ ರಾತ್ರಿಯ ಕಥೆ ಬೇರೆ. ಗೆದ್ದ ಸೈನಿಕರು ಊರನ್ನು ಸೂರೆ ಮಾಡಿದರು. ಮರುದಿನ ಊರಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಿ, ಕೆಲವರಿಗೆ ಛಡಿಯೇಟು ಹೊಡೆಸಿದ ಮೇಲೆಯೇ ಸೂರೆ ನಿಂತದ್ದು. ಸುಲಿಗೆಯಾಗದ ಮನೆ ಊರಿನಲ್ಲಿ ಇಲ್ಲವೇ ಇಲ್ಲ ಎನ್ನಬಹುದು ಎಂಬರ್ಥದ ಮಾತನ್ನು ಅವನೇ ಕಾಗದದಲ್ಲಿ ಬರೆದಿದ್ದಾನೆ.

ಸೂರೆ ನಿಂತ ಮೇಲೆ ಲೆಕ್ಕ ಶುರುವಾಯಿತು. ಗೆದ್ದ ಸೈನ್ಯಕ್ಕೆ ಸಿಕ್ಕ ಸೊತ್ತನ್ನು ಪಟ್ಟಿ ಮಾಡಿ, ಬೆಲೆ ಕಟ್ಟಿ, ಪದವಿಗೆ ತಕ್ಕಂತೆ ಹಂಚುವುದು ಆಗಿನ ಪದ್ಧತಿ. ಅದಕ್ಕೆಂದೇ ಒಂದು ಸಮಿತಿ. ಅವರು ಎಣಿಸಿದ ಫಿರಂಗಿಗಳು 929. ಕೋವಿಗಳು ಸುಮಾರು 99,000. ಗುಂಡುಗಳು ನಾಲ್ಕು ಲಕ್ಷಕ್ಕೂ ಮಿಕ್ಕಿ. ಫಿರಂಗಿ ಎರಕದ ಮನೆಗಳು, ಮದ್ದಿನ ಮನೆಗಳು, ಕತ್ತಿ, ರಾಕೆಟ್ಟುಗಳ ಕೋಠಿಗಳು ಎಲ್ಲವೂ ಪಟ್ಟಿ ಸೇರಿದವು. ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ತುಂಡುತುಂಡು ಮಾಡಿ ಹಂಚಿದರು. ಅದರ ಹುಲಿಮುಖ ಇಂದಿಗೂ ಇಂಗ್ಲೆಂಡಿನ ಅರಮನೆಯಲ್ಲಿದೆ. ಸೇನಾಧಿಪತಿ ಹ್ಯಾರಿಸನ ಪಾಲಿಗೆ ಬಂದದ್ದು ಒಂದು ಲಕ್ಷ ನಲವತ್ತು ಸಾವಿರ ಪೌಂಡಿಗೂ ಹೆಚ್ಚು. ಬಿಳಿಯ ಸಿಪಾಯಿಗೆ ಸುಮಾರು ಏಳು ಪೌಂಡು, ನಮ್ಮ ದೇಶದ ಸಿಪಾಯಿಗೆ ಐದು. ಹ್ಯಾರಿಸ್ ತನಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ತೆಗೆದುಕೊಂಡನೆಂದು ಆಮೇಲೆ ತಕರಾರೂ ಎದ್ದಿತು.

ಈ ಪಟ್ಟಿಯನ್ನು ಓದುವಾಗ ನನಗೆ ಒಂದು ಕಡೆ ಬೆರಗು, ಇನ್ನೊಂದು ಕಡೆ ಕಸಿವಿಸಿ. ಎಷ್ಟು ಅಚ್ಚುಕಟ್ಟಾದ ಲೆಕ್ಕ! ಆದರೆ ಆ ರಾತ್ರಿ ಬೀದಿಬೀದಿಯ ಮನೆಗಳಿಂದ ಹೋದ ತಾಳಿ, ಬಳೆ, ಅಕ್ಕಿಯ ಮೂಟೆ, ತಳದಲ್ಲಿ ಹೆಸರಿದ್ದ ತಂಬಿಗೆಗಳ ಲೆಕ್ಕ ಆ ಪಟ್ಟಿಯಲ್ಲಿಲ್ಲ. ಹೆಂಗಸರ ಮೇಲೆ ನಡೆದದ್ದಕ್ಕೆ ಅದರಲ್ಲಿ ಒಂದು ಕಲಮೂ ಇಲ್ಲ. ಫಿರಂಗಿ 929 ಎಂದು ಒಂದೂ ಬಿಡದೆ ಎಣಿಸಿದವರಿಗೆ ಇವು ಎಣಿಸತಕ್ಕ ವಸ್ತುಗಳೆಂದೇ ತೋರಲಿಲ್ಲ. ಯಾರ ಕೈಯಲ್ಲಿ ಲೆಕ್ಕದ ಪುಸ್ತಕವಿದೆಯೋ ಅವರಿಗೆ ಬೇಕಾದದ್ದಷ್ಟೇ ಅದರಲ್ಲಿ ಉಳಿಯುತ್ತದೆ.

ಹಾಗೆಂದು ಗೆದ್ದವರ ಪಟ್ಟಿಗೂ ಎಲ್ಲವೂ ಸಿಕ್ಕಲಿಲ್ಲ. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಊರಿದೆ. ಕೆಳದಿ ಅರಸರ ಬಿದನೂರು ಅದೇ. ಹೈದರ್ ಅಲಿ 1763ರಲ್ಲಿ ಗೆದ್ದು ಅದಕ್ಕೆ ಹೈದರ್ ನಗರವೆಂದು ಹೆಸರಿಟ್ಟ. ಅಲ್ಲಿನ ಒಂದು ಪಾಳುಬಾವಿಯ ಹೂಳೆತ್ತುವಾಗ, 2002ರಲ್ಲಿ, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದವು. ಅವು ಮೈಸೂರು ಸೈನ್ಯದ ರಾಕೆಟ್ಟುಗಳೆಂದು ಗೊತ್ತಾದದ್ದು ಆಮೇಲೆ. 2018ರಲ್ಲಿ ಪುರಾತತ್ವ ಇಲಾಖೆಯವರು ಅದೇ ಬಾವಿಯನ್ನು ಕ್ರಮವಾಗಿ ಅಗೆದಾಗ ಸಾವಿರಕ್ಕೂ ಹೆಚ್ಚು ಸಿಕ್ಕಿದವು. ಬಾವಿಯ ಮಣ್ಣಿಗೆ ಮದ್ದಿನ ವಾಸನೆ ಇನ್ನೂ ಇತ್ತಂತೆ! ಹಾರದೆ, ಸಿಡಿಯದೆ, ಯಾರ ಚೀಟಿಯಲ್ಲೂ ಇಲ್ಲದೆ ಎರಡು ಶತಮಾನ ಅವು ಅಲ್ಲಿ ಮಲಗಿದ್ದವು. ಈಗ ಒಂದೊಂದನ್ನೂ ಅಳೆದು, ತೂಗಿ, ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಸೇರಿಸಿದ್ದಾರೆ. ಕೊಲ್ಲಲೆಂದು ಮಾಡಿದ ವಸ್ತು ಶಾಲೆಯ ಮಕ್ಕಳು ಕಣ್ಣರಳಿಸಿ ನೋಡುವ ವಸ್ತುವಾಯಿತು. ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಇರಲಾರದು.

ಅತ್ತೆಯವರು ತೀರಿಕೊಂಡ ಮೇಲೆ ಅವರ ಟ್ರಂಕಿನಲ್ಲಿ ಆ ಚೀಟಿಗಳ ಕಟ್ಟು ಸಿಕ್ಕಿತು. ಕೊಳಗ ಇಷ್ಟು, ತಪ್ಪಲೆ ಇಷ್ಟು ಎಂಬ ಸಾಲುಗಳ ನಡುವೆ ಒಂದು ಕಡೆ ಹೀಗಿತ್ತು: ಬೆಳ್ಳಿ ಲೋಟ ಒಂದು, ಮಗನ ಫೀಸಿಗೆ ಮಾರಿದ್ದು. ಆ ಮಗ ಎಂದರೆ ನನ್ನ ಯಜಮಾನರು. ಅವರಿಗೆ ಅದುವರೆಗೆ ಈ ವಿಷಯ ಗೊತ್ತೇ ಇರಲಿಲ್ಲ. ಚೀಟಿ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತಿದ್ದರು.

ಹಾಳಾದದ್ದಕ್ಕೂ ಹೋದದ್ದಕ್ಕೂ ಲೆಕ್ಕ ಇಡಬೇಕೆಂದು ಕೌಟಿಲ್ಯ ಹೇಳಿದ್ದು ಬಿಲ್ಲು ಕತ್ತಿಗಳ ವಿಷಯಕ್ಕೆ. ಅತ್ತೆ ಅದನ್ನು ಮನೆಯಲ್ಲಿ ಮಾಡಿ ತೋರಿಸಿದರು. ಈಗ ಹಬ್ಬದ ಮಾರನೆಯ ದಿನ ನಡುಮನೆಯಲ್ಲಿ ಚೀಟಿ ಹಿಡಿದು ಕೂರುವವಳು ನಾನು. ಸೊಸೆ ಬಾಗಿಲಲ್ಲಿ ನಿಂತು ನಗುತ್ತಾಳೆ. ನಗಲಿ.