ಮನೆ ಮಾರಾಟಕ್ಕಿದೆ, ಒಳಗಿದ್ದವರಿಗೂ ಹಕ್ಕಿದೆ: 1948ರಿಂದ ಇಂದಿನವರೆಗೆ

ಮಾಲೀಕರು ಮನೆ ಮಾರಲು ತಯಾರಿ ನಡೆಸಿದರೆ ಆ ಸುದ್ದಿ ಕೊನೆಗೆ ಮುಟ್ಟುವುದು ಬಾಡಿಗೆಯವರಿಗೆ. ಯಾರೋ ಬಂದು ಟೇಪು ಹಿಡಿದು ಅಳೆಯುತ್ತಾರೆ. ಗೋಡೆಗೆ ಸುಣ್ಣ ಬೀಳುತ್ತದೆ. ಆಮೇಲೆ 'ಮುಂದಿನ ತಿಂಗಳು ಖಾಲಿ ಮಾಡ್ರಿ' ಎಂಬ ಮಾತು ಬರುತ್ತದೆ. ಮಾರುವುದು ಮಾಲೀಕರ ಹಕ್ಕು, ಅದರಲ್ಲಿ ತಕರಾರಿಲ್ಲ. ಆದರೆ ಒಳಗಿದ್ದವರಿಗೂ ಹಕ್ಕಿದೆ. ಹುಲಗೂರು, ಶಿಗ್ಗಾಂವಿ, ಹಾನಗಲ್ಲ ಸೀಮೆಯಲ್ಲಿ ಈ ಹಕ್ಕಿಗೆ ಹಳೆಯ ಇತಿಹಾಸವಿದೆ.

ಮಾಲೀಕನ ಜಾಗ, ರೈತನ ಗೋಡೆ

ಆಗ ನಮ್ಮ ಸೀಮೆ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಪಕ್ಕದ ಸವಣೂರು ನವಾಬರ ಸಂಸ್ಥಾನ. ಅದೂ 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಹೊಲ ಲಾವಣಿಗೆ ಮಾಡುವವರಲ್ಲಿ ಎಷ್ಟೋ ಜನ ಮನೆ ಕಟ್ಟಿಕೊಂಡಿದ್ದು ಮಾಲೀಕನ ಜಾಗದಲ್ಲೇ. ಮಣ್ಣು ಕಲೆಸಿ ಗೋಡೆ ಏರಿಸಿದ್ದು ರೈತ, ಕೆಳಗಿನ ನೆಲ ಮಾತ್ರ ಮಾಲೀಕನದು. ಮಾಲೀಕ ಜಾಗ ಮಾರಿದರೆ ಮನೆಯೂ ಹೋಯಿತು ಎಂದೇ ಲೆಕ್ಕ.

ಈ ಲೆಕ್ಕವನ್ನು ಬದಲಿಸಿದ್ದು 1948ರ ಮುಂಬಯಿ ಗೇಣಿ ಮತ್ತು ಕೃಷಿ ಜಮೀನು ಕಾಯ್ದೆ. ರೈತ ಅಥವಾ ಅವನ ಹಿರಿಯರು ಸ್ವಂತ ಖರ್ಚಿನಲ್ಲಿ ಕಟ್ಟಿದ ಮನೆಯಿಂದ ಅವನನ್ನು ಸುಮ್ಮನೆ ಎಬ್ಬಿಸುವಂತಿಲ್ಲ ಎಂದು ಅದರ 16ನೇ ಕಲಂ ಹೇಳಿತು. 17ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮಾಲೀಕ ಆ ಜಾಗ ಮಾರುವುದಾದರೆ ಮೊದಲು ಕೇಳಬೇಕಾದದ್ದು ಒಳಗಿದ್ದವನನ್ನೇ. ಅದನ್ನೂ ಬರಹದಲ್ಲಿ ನೋಟಿಸು ಕೊಟ್ಟು ಕೇಳಬೇಕು. ಬೆಲೆಯನ್ನು ಮಾಲೀಕ ಹೇಳುವಂತಿಲ್ಲ, ನ್ಯಾಯಮಂಡಳಿ ಗೊತ್ತುಮಾಡಬೇಕು. ಇದನ್ನು ಮೀರಿ ಬೇರೆಯವರಿಗೆ ಮಾರಿದರೆ ಆ ಖರೀದಿಗೆ ಬೆಲೆಯಿಲ್ಲ. ರೈತರಿಗಷ್ಟೇ ಅಲ್ಲ, ಹಳ್ಳಿಯ ಕೂಲಿಕಾರರಿಗೂ ಕುಶಲಕರ್ಮಿಗಳಿಗೂ ಈ ರಕ್ಷಣೆ ಇತ್ತು.

ಆದರೆ ಇದಕ್ಕೊಂದು ಗಡುವಿತ್ತು. ನೋಟಿಸು ಮುಟ್ಟಿದ ಮೂರು ತಿಂಗಳೊಳಗೆ 'ನಾನು ಕೊಳ್ಳುತ್ತೇನೆ' ಎಂದು ಬರೆದು ತಿಳಿಸಬೇಕು. ತಿಳಿಸದಿದ್ದರೆ ಹಕ್ಕು ಬಿಟ್ಟುಕೊಟ್ಟಂತೆ. ಆಮೇಲೆ ಕಟ್ಟಡಕ್ಕೆ ಪರಿಹಾರ ಪಡೆಯಬೇಕು, ಇಲ್ಲವೇ ತೊಲೆ, ಬಾಗಿಲು ಕಿತ್ತುಕೊಂಡು ಹೋಗಬೇಕು. ಓದು ಬರಹ ಬಾರದ ಮನೆಗೆ ಬಂದ ಕಾಗದಕ್ಕೆ ಬರಹದಲ್ಲೇ ಉತ್ತರ ಕೊಡಬೇಕಿತ್ತು. ಉತ್ತರ ಕೊಡದವರನ್ನು ಕಾಯ್ದೆ 'ಬೇಡ ಅಂದವರು' ಎಂದು ಬರೆದುಕೊಂಡಿತು.

ಏಳನೇ ನಮೂನೆಯ ಕಾಲ

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು. ಮುಂಬಯಿ ಕಾಯ್ದೆಯ ಜಾಗಕ್ಕೆ 1961ರ ಭೂಸುಧಾರಣಾ ಕಾಯ್ದೆ ಬಂತು. ಅದಕ್ಕೆ ನಿಜವಾದ ಬಲ ಬಂದಿದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರ್ಕಾರದ ವಶವಾಯಿತು, ಉಳುವವರು ಏಳನೇ ನಮೂನೆ ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಅದೇ ಕಾಯ್ದೆಯ 38ನೇ ಕಲಂ ಬೇರೆಯವರ ನೆಲದಲ್ಲಿ ಮನೆ ಮಾಡಿಕೊಂಡಿದ್ದ ಕೃಷಿ ಕೂಲಿಕಾರರಿಗೆ ಆ ಮನೆ, ಅದರ ಜಾಗ ಎರಡರ ಒಡೆತನ ಕೊಟ್ಟಿತು.

ಇಲ್ಲಿಯೂ ಗಡುವಿತ್ತು. ಗೇಣಿದಾರರ ಅರ್ಜಿಗೆ 1979ರ ಜೂನ್ 30 ಕೊನೆಯ ದಿನ. ಅರ್ಜಿ ಹಾಕಿದವರ ಮಕ್ಕಳ ಕೈಯಲ್ಲಿ ಇವತ್ತು ಉತಾರ ಇದೆ. 'ಗೌಡರು ಒಳ್ಳೆಯವರು, ಬಿಡಿಸೋದಿಲ್ಲ' ಎಂದು ನಂಬಿ ಅರ್ಜಿ ಹಾಕದೆ ಕೂತವರಿಗೆ ಆ ದಾರಿ ಮುಚ್ಚಿತು.

2017ರಲ್ಲಿ ಜಾರಿಗೆ ಬಂದ 38ಎ ಕಲಂ ಖಾಸಗಿ ನೆಲದಲ್ಲಿದ್ದ ದಾಖಲೆ ಇಲ್ಲದ ತಾಂಡಾ, ಹಟ್ಟಿ, ಹಾಡಿಗಳತ್ತ ನೋಡಿತು. 2023ರ ಜನವರಿಯಲ್ಲಿ ಮಳಖೇಡದ ಒಂದೇ ಸಮಾರಂಭದಲ್ಲಿ ಸುಮಾರು 50,000 ಕುಟುಂಬಗಳಿಗೆ ಹಕ್ಕುಪತ್ರ ಸಿಕ್ಕಿತು.

ಹಾಗಾದರೆ ತಿಂಗಳ ಬಾಡಿಗೆಯವರು?

ಮೇಲಿನ ಕಾಯ್ದೆಗಳೆಲ್ಲ ನೆಲವನ್ನು ನಂಬಿದವರಿಗಾಗಿ ಬಂದವು. ತಿಂಗಳ ಬಾಡಿಗೆ ಕೊಟ್ಟು ಇರುವ ಶಿಕ್ಷಕಿ, ನರ್ಸ್, ಅಂಗಡಿಯವರು ಅವುಗಳಲ್ಲಿ ಬರುವುದಿಲ್ಲ. ಬಾಡಿಗೆ ಕಾಯ್ದೆಗಳು ಮುಖ್ಯವಾಗಿ ಶಹರ, ಪಟ್ಟಣಗಳನ್ನು ನೋಡಿಕೊಂಡವು. ಹಳ್ಳಿಯ ಬಾಡಿಗೆ ಮನೆಗೆ ಇವತ್ತಿಗೂ ಆಧಾರ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಹಳೆಯದಾದರೂ ಅದರಲ್ಲಿ ತಿಳಿದಿರಬೇಕಾದ ಮಾತುಗಳಿವೆ.

ಮೊದಲನೆಯದು, ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಮುರಿಯುವುದಿಲ್ಲ. ಕೊಂಡವರು ಹಳೆಯ ಮಾಲೀಕರ ಜಾಗದಲ್ಲಿ ನಿಲ್ಲುತ್ತಾರೆ. ಅವರ ಹಕ್ಕೂ ಇವರಿಗೆ ಬರುತ್ತದೆ, ಹೊಣೆಯೂ ಬರುತ್ತದೆ. ಕರಾರಿನ ಅವಧಿ ಉಳಿದಿದ್ದರೆ ಅದಕ್ಕೆ ಅವರೂ ಬದ್ಧರು.

ಎರಡನೆಯದು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯವರನ್ನು ಬಿಡಿಸಲು ಬರಹದಲ್ಲಿ 15 ದಿನದ ನೋಟಿಸು ಬೇಕು. ಬಾಯಿಮಾತು, ಫೋನು ಸಾಲದು. ನೋಟಿಸಿನ ಅವಧಿ ಮುಗಿದ ಮೇಲೂ ಕೋರ್ಟಿಗೆ ಹೋಗಿಯೇ ಬಿಡಿಸಿಕೊಳ್ಳಬೇಕು. ಬೀಗ ಹಾಕಿ, ಸಾಮಾನು ಹೊರಗಿಟ್ಟರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಪ್ರಕಾರ 6 ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮತ್ತೆ ವಶಕ್ಕೆ ಪಡೆಯಬಹುದು.

ಮೂರನೆಯದು, ಮಾರಾಟವಾದದ್ದು ತಿಳಿಯದೆ ಹಳೆಯ ಮಾಲೀಕರಿಗೆ ಬಾಡಿಗೆ ಕೊಟ್ಟಿದ್ದರೆ ಹೊಸಬರಿಗೆ ಅದನ್ನು ಮತ್ತೆ ಕೊಡಬೇಕಿಲ್ಲ.

ಆದರೆ ಮನೆ ಕೊಳ್ಳಲು ಮೊದಲ ಅವಕಾಶ ಈ ಕಾಯ್ದೆಯಲ್ಲಿಲ್ಲ. 1948ರಲ್ಲಿ ಲಾವಣಿ ರೈತನಿಗೆ ಸಿಕ್ಕಿದ್ದು ಇಂದಿನ ಬಾಡಿಗೆಯವರಿಗೆ ಸಿಗಬೇಕೆಂದರೆ ಕರಾರಿನಲ್ಲೇ ಬರೆಸಿಕೊಳ್ಳಬೇಕು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕು. 11 ತಿಂಗಳ ಕರಾರು ರೂಢಿಗೆ ಬಂದಿದ್ದೇ ಇದನ್ನು ತಪ್ಪಿಸಲು.

ಈಗ ಮಾಡಬಹುದಾದದ್ದು

1948ರ ಮೂರು ತಿಂಗಳು, 1979ರ ಜೂನ್ 30, ಈಗಿನ 15 ದಿನ, 6 ತಿಂಗಳು. ಪ್ರತಿ ಸಲವೂ ಹಕ್ಕಿನ ಜೊತೆ ಗಡುವು ಬಂದಿದೆ. ಸುಮ್ಮನಿದ್ದವರೇ ಹೆಚ್ಚು ಕಳೆದುಕೊಂಡಿದ್ದಾರೆ.

ಹಾಗಾಗಿ ಮನೆ ಮಾರಾಟದ ಮಾತು ಕಿವಿಗೆ ಬಿದ್ದ ದಿನವೇ ಬಾಡಿಗೆ ಕೊಟ್ಟ ರಸೀದಿ ಅಥವಾ ಫೋನ್‌ಪೇ ದಾಖಲೆ, ಕರಾರು ಪತ್ರ, ಮುಂಗಡ ಕೊಟ್ಟ ಪುರಾವೆ ಒಂದೆಡೆ ತೆಗೆದಿಡಿ. ಮುಂಗಡ ಯಾರು ಹಿಂದಿರುಗಿಸುತ್ತಾರೆ ಎಂಬುದನ್ನು ಖರೀದಿಗೆ ಮೊದಲೇ ಬರೆಸಿಕೊಳ್ಳಿ. ನೋಟಿಸು ಬಂದರೆ ಬಂದ ತಾರೀಖು ಗುರುತು ಹಾಕಿ, ಬರಹದಲ್ಲೇ ಉತ್ತರ ಕೊಡಿ. ವಕೀಲರ ಖರ್ಚಿನ ಚಿಂತೆ ಇದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಕಾನೂನು ನೆರವು ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ. ಹೋಗುವಾಗ ನೋಟಿಸಿನ ಪ್ರತಿ ಜೊತೆಗಿರಲಿ.