ಕನ್ನಡದಲ್ಲಿ ಅಲಂಕಾರ ಬೋಧನೆ

ಕನ್ನಡದಲ್ಲಿ ಅಲಂಕಾರ ಬೋಧನೆ ಎಂದರೆ ಪದ್ಯ ಹಾಗೂ ಗದ್ಯಗಳಲ್ಲಿ ಬರುವ ಉಪಮೆ, ರೂಪಕ, ಶ್ಲೇಷೆ ಮುಂತಾದ ಉಕ್ತಿವಿಶೇಷಗಳನ್ನು ಗುರುತಿಸಿ, ಅವು ಅರ್ಥಕ್ಕೆ ನೀಡುವ ಪುಷ್ಟಿಯನ್ನು ವಿವೇಚಿಸಲು ವಿದ್ಯಾರ್ಥಿಗಳಿಗೆ ಕಲಿಸುವ ಕ್ರಮ. ಇದು ಕರ್ನಾಟಕದ ಪ್ರೌಢಶಾಲಾ ಕನ್ನಡ ಪಠ್ಯಗಳಲ್ಲಿ ವ್ಯಾಕರಣ ಮತ್ತು ಛಂದಸ್ಸಿನೊಂದಿಗೆ ಬರುವ ಭಾಷಾಭ್ಯಾಸದ ಭಾಗವಾಗಿದೆ. ಪದವಿ ಹಾಗೂ ಸ್ನಾತಕೋತ್ತರ ಹಂತಗಳಲ್ಲಿ ಇದನ್ನು ಕಾವ್ಯಮೀಮಾಂಸೆ ಮತ್ತು ಪ್ರಾಯೋಗಿಕ ವಿಮರ್ಶೆ ಎಂಬ ಹೆಸರುಗಳಲ್ಲಿ ವಿಸ್ತಾರವಾಗಿ ಅಭ್ಯಸಿಸಲಾಗುತ್ತದೆ. ಈ ಬೋಧನೆಯ ಪರಂಪರೆ ಕನ್ನಡದಲ್ಲಿ ಉಪಲಬ್ಧವಿರುವ ಮೊದಲ ಗ್ರಂಥವಾದ ಕವಿರಾಜಮಾರ್ಗದಷ್ಟು ಹಳೆಯದು.

ಹಿನ್ನೆಲೆ

ಸುಮಾರು ಕ್ರಿ.ಶ. 850ರಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು ಒಂದು ಅಲಂಕಾರ ಗ್ರಂಥ. ಇದರ ಕರ್ತೃ ಶ್ರೀವಿಜಯನೆಂಬುದು ಬಹುಮಟ್ಟಿಗೆ ಒಪ್ಪಿತವಾಗಿರುವ ಅಭಿಪ್ರಾಯ. ಸಂಸ್ಕೃತದ ಆಲಂಕಾರಿಕ ದಂಡಿಯ ಕಾವ್ಯಾದರ್ಶವನ್ನು ಬಹುವಾಗಿ ಅನುಸರಿಸಿರುವ ಈ ಕೃತಿಯಲ್ಲಿ ಮೂರು ಪರಿಚ್ಛೇದಗಳಿವೆ. ಮೊದಲನೆಯದು ಕಾವ್ಯದ ದೋಷಗಳನ್ನೂ, ಎರಡನೆಯದು ಶಬ್ದಾಲಂಕಾರಗಳನ್ನೂ, ಮೂರನೆಯದು ಅರ್ಥಾಲಂಕಾರಗಳನ್ನೂ ನಿರೂಪಿಸುತ್ತದೆ. ಅಲಂಕಾರಗಳ ಹೆಸರಿಗಿಂತ ಮೊದಲು ಬರವಣಿಗೆಯ ದೋಷಗಳನ್ನು ತಿಳಿಸಿರುವುದು ಬೋಧನೆಯ ದೃಷ್ಟಿಯಿಂದ ಗಮನಾರ್ಹ. ಸಂಸ್ಕೃತ ಹಾಗೂ ಕನ್ನಡ ಪದಗಳನ್ನು ಹೊಂದಿಕೆಯಿಲ್ಲದೆ ಬೆಸೆಯುವುದನ್ನು ಗ್ರಂಥಕಾರನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸುವುದಕ್ಕೆ ಹೋಲಿಸುತ್ತಾನೆ. ಧರ್ಮಾಮೃತದ ಕವಿ ನಯಸೇನನು (ಕ್ರಿ.ಶ. 1112) ಇದೇ ಬಗೆಯ ಬೆರಕೆಯನ್ನು ತುಪ್ಪ ಮತ್ತು ಎಣ್ಣೆಗಳ ಬೆರಕೆಗೆ ಹೋಲಿಸಿದ್ದಾನೆ. ಬರವಣಿಗೆಯ ಪಾಠವನ್ನು ಹೇಳುವುದಕ್ಕೂ ಉಪಮೆಯನ್ನೇ ಬಳಸಿರುವುದಕ್ಕೆ ಇವು ಆರಂಭದ ನಿದರ್ಶನಗಳು.

ಎರಡನೆಯ ನಾಗವರ್ಮನ ಕಾವ್ಯಾವಲೋಕನವು ಐದು ಅಧಿಕರಣಗಳಲ್ಲಿ ವ್ಯಾಕರಣ, ದೋಷ, ಗುಣ, ರೀತಿ, ರಸ ಹಾಗೂ ಕವಿಸಮಯಗಳನ್ನು ನಿರೂಪಿಸಿದೆ. ಲಕ್ಷಣವನ್ನು ಸೂತ್ರರೂಪದಲ್ಲಿ ಹೇಳಿ, ಅದಕ್ಕೆ ಪೂರ್ವಕವಿಗಳ ಪದ್ಯಗಳನ್ನು ಲಕ್ಷ್ಯವಾಗಿ ಕೊಡುವ ಕ್ರಮ ಇದರಲ್ಲಿದೆ. ಇಂದಿನ ತರಗತಿಗಳಲ್ಲಿ ಬಳಕೆಯಲ್ಲಿರುವ ಲಕ್ಷಣ–ಲಕ್ಷ್ಯ–ಸಮನ್ವಯ ಎಂಬ ಕ್ರಮವು ಇಂತಹ ಶಾಸ್ತ್ರಗ್ರಂಥಗಳ ನಿರೂಪಣೆಗೆ ಹತ್ತಿರವಾಗಿದೆ. ಉದಯಾದಿತ್ಯನ ಉದಯಾದಿತ್ಯಾಲಂಕಾರ, ಕಾವ್ಯಾದರ್ಶದ ಕನ್ನಡ ರೂಪವಾದ ಮಾಧವಾಲಂಕಾರ, ಸಾಳ್ವನ ರಸರತ್ನಾಕರ ಮತ್ತು ತಿರುಮಲಾರ್ಯನ ಅಪ್ರತಿಮವೀರ ಚರಿತ್ರೆ ಈ ಸಾಲಿನ ಇತರ ಕೃತಿಗಳು. ಕೊನೆಯ ಕೃತಿಯಲ್ಲಿ ಅಲಂಕಾರಗಳ ಉದಾಹರಣೆಗಳು ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರ ಸ್ತುತಿಯಾಗಿಯೂ ಇವೆ.

ಶಾಸ್ತ್ರಗ್ರಂಥಗಳ ಹೊರಗೂ ಇಂತಹ ಕಲಿಕೆ ನಡೆದಿದೆ. ಗಮಕಿಗಳು ಕಾವ್ಯವನ್ನು ವಾಚಿಸಿ, ವ್ಯಾಖ್ಯಾನಕಾರರು ಅದರ ಸ್ವಾರಸ್ಯವನ್ನು ಬಿಡಿಸಿ ಹೇಳುವ ಪದ್ಧತಿಯಿಂದ ಕುಮಾರವ್ಯಾಸ ಹಾಗೂ ಲಕ್ಷ್ಮೀಶರ ಕಾವ್ಯಗಳು ಓದುಬರಹವಿಲ್ಲದವರಿಗೂ ಪರಿಚಿತವಾದವು. ಕುಮಾರವ್ಯಾಸನಿಗೆ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂಬ ಮತ್ತು ಲಕ್ಷ್ಮೀಶನಿಗೆ ‘ಉಪಮಾಲೋಲ’ ಎಂಬ ಬಿರುದುಗಳು ಸಂದಿವೆ. ಕರಾವಳಿ ಹಾಗೂ ಕಾಸರಗೋಡು ಪ್ರದೇಶದ ತಾಳಮದ್ದಳೆಯಲ್ಲಿ ವೇಷ ಮತ್ತು ಕುಣಿತಗಳಿಲ್ಲದೆ, ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿಗಳು ಆಶುವಾಗಿ ಅರ್ಥ ಹೇಳುತ್ತಾರೆ. ಒಂದು ಪದದ ಹಲವು ಅರ್ಥಗಳನ್ನು ಹಿಡಿದು ವಾದ ಬೆಳೆಸುವುದು ಇಲ್ಲಿ ಮೆಚ್ಚುಗೆ ಪಡೆಯುವ ಕೌಶಲಗಳಲ್ಲಿ ಒಂದು.

ಆಧುನಿಕ ಕಾಲ

ಇಪ್ಪತ್ತನೆಯ ಶತಮಾನದಲ್ಲಿ ಕನ್ನಡವು ವಿಶ್ವವಿದ್ಯಾಲಯದ ವ್ಯಾಸಂಗ ವಿಷಯವಾದಾಗ ಭಾರತೀಯ ಮತ್ತು ಪಾಶ್ಚಾತ್ಯ ವಿಚಾರಗಳೆರಡನ್ನೂ ಬೋಧನೆಗೆ ಅಳವಡಿಸುವ ಅಗತ್ಯ ಉಂಟಾಯಿತು. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ (1953) ಅಲಂಕಾರ, ರೀತಿ, ರಸ, ಧ್ವನಿ ಮೊದಲಾದ ತತ್ತ್ವಗಳನ್ನು ಕನ್ನಡದಲ್ಲಿ ಕ್ರಮಬದ್ಧವಾಗಿ ವಿವರಿಸಿದ ಆಕರ ಗ್ರಂಥವಾಗಿದೆ. ಕೆ. ಕೃಷ್ಣಮೂರ್ತಿಯವರು ಆನಂದವರ್ಧನನ ಧ್ವನ್ಯಾಲೋಕವನ್ನು ಕನ್ನಡಕ್ಕೂ ಇಂಗ್ಲಿಷಿಗೂ ಅನುವಾದಿಸಿದರು. ಜಿ. ಎಸ್. ಶಿವರುದ್ರಪ್ಪನವರು ಕಾವ್ಯತತ್ತ್ವಗಳನ್ನು ಕುರಿತು ಬರೆದ ‘ಕಾವ್ಯಾರ್ಥ ಚಿಂತನ’ ಕೃತಿಗೆ 1984ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ದೊರೆಯಿತು. ಪಶ್ಚಿಮ ಬೆಂಗಳೂರಿನ ಅನ್ನಪೂರ್ಣೇಶ್ವರಿ ನಗರ ಮತ್ತು ನಾಗರಬಾವಿಗಳಿಗೆ ಸಮೀಪವಿರುವ ಜ್ಞಾನಭಾರತಿ ಆವರಣದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಕೇಂದ್ರವಿದ್ದು, ಶಿವರುದ್ರಪ್ಪನವರು ಅದರ ನಿರ್ದೇಶಕರಾಗಿದ್ದರು.

ಐ. ಎ. ರಿಚರ್ಡ್ಸ್ ಕೇಂಬ್ರಿಜ್ ವಿದ್ಯಾರ್ಥಿಗಳಿಗೆ ಕವಿಯ ಹೆಸರನ್ನು ತಿಳಿಸದೆ ಪದ್ಯಗಳನ್ನು ಕೊಟ್ಟು, ಅವರ ಪ್ರತಿಕ್ರಿಯೆಗಳನ್ನು 1929ರ ತಮ್ಮ ಗ್ರಂಥದಲ್ಲಿ ಪರಿಶೀಲಿಸಿದರು. ಅಲ್ಲಿಂದ ಹರಡಿದ ಪ್ರಾಯೋಗಿಕ ವಿಮರ್ಶೆಯ ಕ್ರಮವು ನವ್ಯ ಸಾಹಿತ್ಯದ ಕಾಲದಲ್ಲಿ ಕನ್ನಡ ವಿಮರ್ಶೆಯ ಮೇಲೂ ಪ್ರಭಾವ ಬೀರಿತು. ಆ ಅವಧಿಯಲ್ಲಿ ಅಲಂಕಾರದ ಹೆಸರಿಗಿಂತ ಪ್ರತಿಮೆ, ಸಂಕೇತ, ಧ್ವನಿ ಹಾಗೂ ಕೃತಿಯ ರಚನೆಗೆ ಹೆಚ್ಚಿನ ಗಮನ ದೊರೆಯಿತು. ಎ. ಕೆ. ರಾಮಾನುಜನ್ ಅವರು ವಚನಗಳ ಇಂಗ್ಲಿಷ್ ಅನುವಾದವಾದ ‘ಸ್ಪೀಕಿಂಗ್ ಆಫ್ ಶಿವ’ (1973) ಕೃತಿಯ ಪ್ರಸ್ತಾವನೆಯಲ್ಲಿ ಬಸವಣ್ಣನವರ ಒಂದು ವಚನವನ್ನು ತೆಗೆದುಕೊಂಡು, ದೇಹ–ದೇಗುಲ ಮತ್ತು ಸ್ಥಾವರ–ಜಂಗಮ ಎಂಬ ಜೋಡಿಗಳು ಅದರ ಅರ್ಥವನ್ನು ಕಟ್ಟುವ ಬಗೆಯನ್ನು ವಿವರಿಸಿದ್ದಾರೆ. ರೂಪಕವನ್ನು ಗುರುತಿಸುವುದರಿಂದ ಕೃತಿಯ ವಿಚಾರವನ್ನು ತಲುಪುವ ದಾರಿಗೆ ಇದು ಉತ್ತಮ ಮಾದರಿಯಾಗಿದೆ.

ಮುಖ್ಯ ಪರಿಕಲ್ಪನೆಗಳು

ಅಲಂಕಾರಗಳಲ್ಲಿ ಶಬ್ದಾಲಂಕಾರ ಮತ್ತು ಅರ್ಥಾಲಂಕಾರ ಎಂಬ ಎರಡು ಮುಖ್ಯ ವಿಧಗಳಿವೆ. ಪದಗಳನ್ನು ಅದೇ ಅರ್ಥದ ಬೇರೆ ಪದಗಳಿಂದ ಬದಲಿಸಿದರೆ ಚೆಲುವು ಕೆಡುವುದಾದರೆ ಅದು ಶಬ್ದಾಲಂಕಾರ. ಬದಲಿಸಿದರೂ ಉಳಿಯುವುದಾದರೆ ಅರ್ಥಾಲಂಕಾರ. ಅನುಪ್ರಾಸ ಮತ್ತು ಯಮಕಗಳು ಮೊದಲನೆಯ ವಿಧಕ್ಕೆ ಸೇರುತ್ತವೆ. ಶಾಲಾ ಹಂತದಲ್ಲಿ ಸಾಮಾನ್ಯವಾಗಿ ಕಲಿಸುವ ಅರ್ಥಾಲಂಕಾರಗಳನ್ನು ಕೆಳಗೆ ವಿವರಿಸಲಾಗಿದೆ.

ಉಪಮೆ: ಎರಡು ವಸ್ತುಗಳ ನಡುವಿನ ಹೋಲಿಕೆ. ‘ಸಂಜೆಯ ರಸ್ತೆಯು ಮಳೆಗಾಲದ ಹೊಳೆಯಂತೆ ತುಂಬಿ ಹರಿಯಿತು’ ಎಂಬಲ್ಲಿ ರಸ್ತೆ ಉಪಮೇಯ, ಹೊಳೆ ಉಪಮಾನ, ‘ಅಂತೆ’ ಉಪಮಾವಾಚಕ, ತುಂಬಿ ಹರಿಯುವುದು ಸಮಾನಧರ್ಮ. ಈ ನಾಲ್ಕೂ ಇದ್ದರೆ ಪೂರ್ಣೋಪಮೆ. ಯಾವುದಾದರೂ ಒಂದು ಅಥವಾ ಹೆಚ್ಚು ಅಂಶಗಳು ಇಲ್ಲದಿದ್ದರೆ ಲುಪ್ತೋಪಮೆ.

ರೂಪಕ: ಉಪಮೇಯ ಮತ್ತು ಉಪಮಾನಗಳಿಗೆ ಭೇದವಿಲ್ಲವೆಂದು ಹೇಳುವುದು. ‘ಸಂಜೆಯ ರಸ್ತೆಯೇ ಹೊಳೆ’ ಎಂದಾಗ ರಸ್ತೆಯು ಹೊಳೆಯನ್ನು ಹೋಲುವುದಿಲ್ಲ, ಹೊಳೆಯೇ ಆಗಿಬಿಡುತ್ತದೆ.

ಉತ್ಪ್ರೇಕ್ಷೆ: ಒಂದು ವಸ್ತುವನ್ನು ಮತ್ತೊಂದನ್ನಾಗಿ ಕಲ್ಪಿಸಿ ಸಂಭಾವಿಸುವುದು. ‘ವಾಹನಗಳ ಕೆಂಪು ದೀಪಗಳು ಯಾರೋ ರಸ್ತೆಯುದ್ದಕ್ಕೂ ಕೆಂಡ ಸುರಿದರೋ ಎಂಬಂತೆ ಹೊಳೆದವು’ ಎಂಬ ವಾಕ್ಯದಲ್ಲಿ ನಡೆಯದ ಕ್ರಿಯೆಯೊಂದನ್ನು ಕಲ್ಪಿಸಲಾಗಿದೆ.

ದೃಷ್ಟಾಂತ: ಎರಡು ಬೇರೆ ಬೇರೆ ವಾಕ್ಯಗಳ ಅರ್ಥಗಳು ಬಿಂಬ–ಪ್ರತಿಬಿಂಬಗಳಂತೆ ತೋರುವುದು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಇದಕ್ಕೆ ಪ್ರಸಿದ್ಧ ಉದಾಹರಣೆ.

ಅರ್ಥಾಂತರನ್ಯಾಸ: ವಿಶೇಷವನ್ನು ಸಾಮಾನ್ಯದಿಂದ, ಇಲ್ಲವೇ ಸಾಮಾನ್ಯವನ್ನು ವಿಶೇಷದಿಂದ ಸಮರ್ಥಿಸುವುದು. ‘ಬಾವಿ ಬತ್ತಿದ ಮೇಲೆ ಊರಿಗೆ ಅದರ ಬೆಲೆ ತಿಳಿಯಿತು, ಇರುವಾಗ ಯಾವುದರ ಬೆಲೆಯೂ ತಿಳಿಯುವುದಿಲ್ಲ’ ಎಂಬಲ್ಲಿ ಎರಡನೆಯ ಮಾತು ಮೊದಲನೆಯದನ್ನು ಸಮರ್ಥಿಸುತ್ತದೆ.

ಶ್ಲೇಷೆ: ಒಂದೇ ಪದವು ಎರಡು ಅಥವಾ ಹೆಚ್ಚು ಅರ್ಥಗಳನ್ನು ಕೊಡುವುದು. ‘ಆ ರೈತನು ಊರಿನಲ್ಲಿ ಒಳ್ಳೆಯ ಹೆಸರು ಬೆಳೆಸಿದನು’ ಎಂಬಲ್ಲಿ ‘ಹೆಸರು’ ಎಂಬುದಕ್ಕೆ ಕೀರ್ತಿ ಎಂಬ ಅರ್ಥವೂ ಧಾನ್ಯ ಎಂಬ ಅರ್ಥವೂ ಇದೆ.

ಅರ್ಥವನ್ನು ಬೋಧಿಸುವ ಶಬ್ದಶಕ್ತಿಗಳನ್ನು ಅಭಿಧಾ, ಲಕ್ಷಣಾ ಮತ್ತು ವ್ಯಂಜನಾ ಎಂದು ವಿಂಗಡಿಸಲಾಗುತ್ತದೆ. ‘ಇಡೀ ಊರೇ ಜಾತ್ರೆಗೆ ಬಂದಿತು’ ಎಂದಾಗ ಊರು ಎಂದರೆ ಊರಿನ ಜನ. ಇದು ಲಕ್ಷಣೆಯಿಂದ ಬಂದ ಅರ್ಥ. ‘ಹೊತ್ತು ಮುಳುಗಿತು’ ಎಂಬ ಮಾತು ದನಗಾಹಿಗೆ ಮನೆಗೆ ಮರಳುವ ಸಮಯವನ್ನೂ, ಅಂಗಡಿಯವನಿಗೆ ದೀಪ ಹಚ್ಚುವ ಸಮಯವನ್ನೂ ಸೂಚಿಸಬಹುದು, ಇದು ವ್ಯಂಗ್ಯಾರ್ಥ. ಯಾವ ಅಲಂಕಾರವಾದರೂ ಸಂದರ್ಭಕ್ಕೆ ತಕ್ಕುದಾಗಿರಬೇಕೆಂಬ ವಿಚಾರವನ್ನು ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯ ಎಂಬ ತತ್ತ್ವವಾಗಿ ಪ್ರತಿಪಾದಿಸಿದನು.

ಶಾಲಾ ಶಿಕ್ಷಣದಲ್ಲಿ

ಕರ್ನಾಟಕ ರಾಜ್ಯ ಪಠ್ಯಕ್ರಮದಲ್ಲಿ ಪ್ರೌಢಶಾಲೆಯ ಪ್ರಥಮ ಭಾಷೆ ಕನ್ನಡದ ಪಠ್ಯಪುಸ್ತಕಕ್ಕೆ ‘ಸಿರಿ ಕನ್ನಡ’ ಎಂಬ ಹೆಸರಿದೆ. ಇದರ ಪಾಠಗಳ ಕೊನೆಯಲ್ಲಿ ಬರುವ ಅಭ್ಯಾಸಗಳಲ್ಲಿ ಅಲಂಕಾರ ಮತ್ತು ಛಂದಸ್ಸಿನ ಪರಿಚಯವಿದೆ. ಪರೀಕ್ಷೆಯಲ್ಲಿ ಕೊಟ್ಟ ವಾಕ್ಯದ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು, ಸಮನ್ವಯಗೊಳಿಸುವ ಪ್ರಶ್ನೆ ರೂಢಿಯಲ್ಲಿದೆ. ‘ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ’ ಎಂಬುದು ಮತ್ತೊಂದು ಪ್ರಶ್ನೆಪ್ರಕಾರ. ಇದಕ್ಕೆ ಮಾತಿನ ಆಯ್ಕೆ ಯಾವ ಪಾಠದಿಂದ, ಸಂದರ್ಭ ಯಾವುದು, ಸ್ವಾರಸ್ಯವೇನು ಎಂಬ ಕ್ರಮದಲ್ಲಿ ಉತ್ತರಿಸಲಾಗುತ್ತದೆ. ಗಾದೆಯನ್ನು ವಿಸ್ತರಿಸುವ ಅಭ್ಯಾಸವೂ ಒಂದು ರೂಪಕವನ್ನು ಬಿಡಿಸಿ ಹೇಳುವ ಕೆಲಸವೇ ಆಗಿದೆ.

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳ ವಿದ್ಯಾರ್ಥಿಗಳು ಕೇರಳ ರಾಜ್ಯದ ಪಠ್ಯಕ್ರಮದ ಕನ್ನಡ ಪುಸ್ತಕಗಳನ್ನು ಓದುತ್ತಾರೆ. ಕನ್ನಡ ಭಾಷಾ ಕಲಿಕೆ ಅಧಿನಿಯಮ, 2015ರ ನಂತರ ಕರ್ನಾಟಕದ ಇತರ ಮಂಡಳಿಗಳ ಶಾಲೆಗಳಲ್ಲೂ ಕನ್ನಡ ಕಲಿಕೆ ಹಂತಹಂತವಾಗಿ ವಿಸ್ತರಿಸಿತು. ಬೆಂಗಳೂರಿನಂತಹ ಬಹುಭಾಷಿಕ ನಗರದ ತರಗತಿಗಳಲ್ಲಿ ಮನೆಯಲ್ಲಿ ತೆಲುಗು, ತಮಿಳು, ಉರ್ದು ಅಥವಾ ಹಿಂದಿ ಮಾತನಾಡುವ ಮಕ್ಕಳೂ ಇರುತ್ತಾರೆ. ಇಂತಹ ಮಕ್ಕಳಿಗೆ ಹಳಗನ್ನಡ ಪದ್ಯದ ಅಲಂಕಾರವನ್ನು ವಿವರಿಸುವ ಮೊದಲು ಪದದ ವಾಚ್ಯಾರ್ಥವನ್ನು ತಿಳಿಸಬೇಕಾಗುತ್ತದೆ.

ಬೋಧನಾ ಕ್ರಮಗಳು

ದಿನಬಳಕೆಯ ಮಾತಿನಿಂದ ಆರಂಭಿಸುವುದು: ‘ಹೊಟ್ಟೆ ಉರಿ’, ‘ತಲೆ ತಿನ್ನು’, ‘ಮನಸ್ಸು ಕರಗು’, ‘ಕಣ್ಣಿಗೆ ಮಣ್ಣೆರಚು’ ಮೊದಲಾದ ನುಡಿಗಟ್ಟುಗಳು ರೂಪಕಗಳೇ ಆಗಿವೆ. ಸಾಮಾನ್ಯ ಚಿಂತನೆಯೇ ಬಹುಮಟ್ಟಿಗೆ ರೂಪಕಾತ್ಮಕವೆಂದು ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ 1980ರಲ್ಲಿ ವಾದಿಸಿದರು. ಒಗಟುಗಳೂ ಈ ಹಂತಕ್ಕೆ ಉಪಯುಕ್ತ. ಒಗಟಿನಲ್ಲಿ ಉಪಮಾನವನ್ನು ಮಾತ್ರ ಹೇಳಿ ಉಪಮೇಯವನ್ನು ಕೇಳುಗನೇ ಹುಡುಕುವಂತೆ ಮಾಡಲಾಗುತ್ತದೆ.

ವಾಚಕ ಪದವನ್ನಲ್ಲದೆ ಅರ್ಥವನ್ನು ನೋಡುವುದು: ‘ಅಂತೆ’ ಎಂಬುದು ಕಂಡ ಕಡೆಯಲ್ಲೆಲ್ಲ ಉಪಮೆಯೆಂದು ಬರೆಯುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ‘ಅವನು ನಾಳೆ ಬರುತ್ತಾನಂತೆ’ ಎಂಬಲ್ಲಿ ಅದು ಕೇಳಿಬಂದ ಸುದ್ದಿಯನ್ನು ಸೂಚಿಸುತ್ತದೆ. ‘ಗುರುಗಳು ಹೇಳಿದಂತೆ ಮಾಡಿದನು’ ಎಂಬಲ್ಲಿ ಅನುಸರಣೆಯನ್ನು ಸೂಚಿಸುತ್ತದೆ. ‘ಎಂಬಂತೆ’ ಎಂದು ಬಂದಾಗ ಉತ್ಪ್ರೇಕ್ಷೆಯಾಗುವ ಸಾಧ್ಯತೆ ಇರುತ್ತದೆ. ಇವುಗಳನ್ನು ಒಟ್ಟಿಗೆ ಇಟ್ಟು ವ್ಯತ್ಯಾಸ ಕೇಳುವುದರಿಂದ ಪರಿಕಲ್ಪನೆ ಸ್ಪಷ್ಟವಾಗುತ್ತದೆ.

ಬದಲಿಸಿ ನೋಡುವುದು: ಉಪಮಾನವನ್ನು ಬದಲಿಸಿ, ಅರ್ಥದಲ್ಲಿ ಉಂಟಾಗುವ ವ್ಯತ್ಯಾಸವನ್ನು ಚರ್ಚಿಸಲಾಗುತ್ತದೆ. ತುಂಬಿದ ರಸ್ತೆಯನ್ನು ಹೊಳೆಗೆ ಹೋಲಿಸಿದರೆ ಚಲನೆಯೂ, ಇರುವೆಯ ಸಾಲಿಗೆ ಹೋಲಿಸಿದರೆ ಶಿಸ್ತೂ, ಸಂತೆಗೆ ಹೋಲಿಸಿದರೆ ಗದ್ದಲವೂ ಮುಂದೆ ಬರುತ್ತವೆ. ಲೇಖಕನು ಇವುಗಳಲ್ಲಿ ಒಂದನ್ನೇ ಆರಿಸಿದ್ದೇಕೆ ಎಂಬ ಪ್ರಶ್ನೆ ವಿಶ್ಲೇಷಣೆಗೆ ದಾರಿ ಮಾಡಿಕೊಡುತ್ತದೆ.

ಅಲಂಕಾರವಿಲ್ಲದ ಬರವಣಿಗೆಯನ್ನೂ ಪರಿಶೀಲಿಸುವುದು: ‘ಅಜ್ಜಿ ಬಹಳ ದುಃಖದಿಂದ ಮನೆಗೆ ಬೀಗ ಹಾಕಿದಳು’ ಎಂಬ ವಾಕ್ಯವನ್ನು ‘ಅಜ್ಜಿ ಬೀಗ ಹಾಕಿ, ಮತ್ತೊಮ್ಮೆ ಎಳೆದು ನೋಡಿ, ಕೈಯನ್ನು ಅಲ್ಲಿಯೇ ಇಟ್ಟುಕೊಂಡು ನಿಂತಳು’ ಎಂಬುದರೊಂದಿಗೆ ಹೋಲಿಸಬಹುದು. ಎರಡನೆಯದರಲ್ಲಿ ದುಃಖ ಎಂಬ ಪದವೂ ಇಲ್ಲ, ಅಲಂಕಾರವೂ ಇಲ್ಲ. ಆದರೂ ಭಾವವು ಕ್ರಿಯೆಯಿಂದಲೇ ವ್ಯಕ್ತವಾಗುತ್ತದೆ. ರಸವು ಅದರ ಹೆಸರಿನಿಂದಲ್ಲ, ವಿಭಾವ ಮತ್ತು ಅನುಭಾವಗಳಿಂದ ವ್ಯಂಜಿತವಾಗುತ್ತದೆ ಎಂಬ ಕಾವ್ಯಮೀಮಾಂಸೆಯ ವಿಚಾರವನ್ನು ಶಾಲಾ ವಿದ್ಯಾರ್ಥಿಗೆ ಹೀಗೆ ಪರಿಚಯಿಸಬಹುದು.

ಸ್ವಂತ ರಚನೆ: ವಿದ್ಯಾರ್ಥಿಗಳು ತಮ್ಮ ಬೀದಿ, ಮನೆ, ಹೊಲ ಅಥವಾ ಆಟದ ಮೈದಾನದ ಅನುಭವದಿಂದ ಉಪಮಾನಗಳನ್ನು ಹುಡುಕಿ ವಾಕ್ಯ ರಚಿಸುತ್ತಾರೆ. ಬಳಸಿ ಸವೆದ ‘ಕಮಲದಂತಹ ಮುಖ’ದ ಬದಲು ತಾವು ಕಂಡ ವಸ್ತುವನ್ನು ಆರಿಸುವುದರಿಂದ, ಕವಿಗಳು ಮಾಡುವ ಆಯ್ಕೆಯ ಕಷ್ಟವೂ ಅವರಿಗೆ ತಿಳಿಯುತ್ತದೆ.

ಟೀಕೆ ಮತ್ತು ಚರ್ಚೆ

ಅಲಂಕಾರ ಬೋಧನೆಯ ಬಗೆಗಿನ ಮುಖ್ಯ ಆಕ್ಷೇಪವೆಂದರೆ ಅದು ಹೆಸರಿಸುವಿಕೆಗೆ ಸೀಮಿತವಾಗಿದೆ ಎಂಬುದು. ಲಕ್ಷಣವನ್ನೂ ನಿಗದಿತ ಉದಾಹರಣೆಯನ್ನೂ ಕಂಠಪಾಠ ಮಾಡಿದ ವಿದ್ಯಾರ್ಥಿಯು ಪೂರ್ಣ ಅಂಕ ಪಡೆಯಬಹುದು. ಆದರೆ ಅದೇ ಅಲಂಕಾರವು ಅಪರಿಚಿತ ಪದ್ಯದಲ್ಲಿ ಬಂದಾಗ ಗುರುತಿಸಲಾರದೆ ಹೋಗಬಹುದು. ‘ಉಪಮೇಯವಾದ ಇದನ್ನು ಉಪಮಾನವಾದ ಅದಕ್ಕೆ ಹೋಲಿಸಲಾಗಿದೆ’ ಎಂಬ ಸಿದ್ಧ ವಾಕ್ಯದಲ್ಲಿ ಸಮನ್ವಯ ಮುಗಿದರೆ, ಆ ಹೋಲಿಕೆಯಿಂದ ಪದ್ಯಕ್ಕೆ ಏನು ದೊರೆಯಿತು ಎಂಬ ಪ್ರಶ್ನೆ ಉಳಿದೇಬಿಡುತ್ತದೆ.

ಇದಕ್ಕೆ ಪ್ರತಿಯಾಗಿ, ಹೆಸರುಗಳ ಅರಿವಿಲ್ಲದೆ ಸೂಕ್ಷ್ಮ ವಿಶ್ಲೇಷಣೆ ಸಾಧ್ಯವಿಲ್ಲವೆಂಬ ವಾದವೂ ಇದೆ. ಉಪಮೆ, ರೂಪಕ ಮತ್ತು ಉತ್ಪ್ರೇಕ್ಷೆಗಳ ನಡುವಿನ ಭೇದವನ್ನು ತಿಳಿದವನು, ಕವಿಯು ಹೋಲಿಕೆಯಲ್ಲಿ ಎಷ್ಟು ದೂರ ಹೋಗಿದ್ದಾನೆ ಎಂಬುದನ್ನು ಖಚಿತವಾಗಿ ಹೇಳಬಲ್ಲನು. ಈ ಎರಡು ನಿಲುವುಗಳನ್ನು ಹೊಂದಿಸಲು ಹೆಸರಿಸುವ ಪ್ರಶ್ನೆಯ ಜೊತೆಗೆ ‘ಈ ಹೋಲಿಕೆ ಇಲ್ಲದಿದ್ದರೆ ಯಾವ ಅರ್ಥ ನಷ್ಟವಾಗುತ್ತಿತ್ತು?’ ಎಂಬ ಪ್ರಶ್ನೆಯನ್ನು ಸೇರಿಸಬಹುದು. ಜಾಹೀರಾತು, ಭಾಷಣ ಮತ್ತು ಸುದ್ದಿಯ ಶೀರ್ಷಿಕೆಗಳೂ ರೂಪಕಗಳಿಂದಲೇ ಓದುಗನ ಅಭಿಪ್ರಾಯವನ್ನು ರೂಪಿಸುತ್ತವೆ. ವಲಸೆ ಬಂದವರನ್ನು ‘ಪ್ರವಾಹ’ ಎಂದು ಕರೆದಾಗ, ಆ ಪದವು ಜನರನ್ನು ತಡೆಯಬೇಕಾದ ಅಪಾಯವಾಗಿ ತೋರಿಸುತ್ತದೆ. ಇದನ್ನು ಗಮನಿಸಬಲ್ಲ ಓದುಗನನ್ನು ರೂಪಿಸುವುದು ಅಲಂಕಾರ ಬೋಧನೆಗೆ ಪರೀಕ್ಷೆಯ ಆಚೆಗೂ ಇರುವ ಪ್ರಯೋಜನವಾಗಿದೆ.

ಇವನ್ನೂ ನೋಡಿ

ಕವಿರಾಜಮಾರ್ಗ
ಕಾವ್ಯಾವಲೋಕನ
ಭಾರತೀಯ ಕಾವ್ಯಮೀಮಾಂಸೆ
ಕನ್ನಡ ಛಂದಸ್ಸು
ಗಮಕ
ತಾಳಮದ್ದಳೆ